ಕೆಂಗಲ್ ಜಾತ್ರೆಯ ಕರಪತ್ರ, ಲಿನಕ್ಸ್ ಒಳಗಿನ ವಿಂಡೋಸ್

ವಿಂಡೋಸ್ 10ರ ಬೆಂಬಲ ಮುಗಿದಿದೆ. ಅಂಗಡಿಯ ಕಂಪ್ಯೂಟರ್ ಇನ್ನೂ ಗಟ್ಟಿಯಾಗಿದೆ. ಆದರೆ ಇಪ್ಪತ್ತು ವರ್ಷ ಕೂಡಿಟ್ಟ ಕನ್ನಡ ಫೈಲುಗಳು ಹಳೆಯ ತಂತ್ರಾಂಶವಿಲ್ಲದೆ ಬಾಯಿ ಬಿಡುವುದಿಲ್ಲ. ರಾಮನಗರ–ಚನ್ನಪಟ್ಟಣದ ಸಣ್ಣ ಡಿಟಿಪಿ ಅಂಗಡಿಗೂ ಕೈಗೆಟುಕುವ ದಾರಿಯೊಂದಿದೆ: ಲಿನಕ್ಸ್ ಹಾಕಿ, ಹಳೆಯ ವಿಂಡೋಸನ್ನು ಅದರೊಳಗೆ ಒಂದು ಕಿಟಕಿಯಲ್ಲಿ ಓಡಿಸುವುದು. ಹೆಚ್ಚು ಖರ್ಚಿಲ್ಲದ ಈ ದಾರಿಗೆ ಈಗ ಕಮಾಂಡುಗಳ ಕಾಟವೂ ಇಲ್ಲ.

ಸಂಕ್ರಾಂತಿಯ ಹೊತ್ತಿಗೆ ಕೆಂಗಲ್‌ನಲ್ಲಿ ದೂಳೇಳುತ್ತದೆ. ಬೆಂಗಳೂರು–ಮೈಸೂರು ಹಳೇ ರಸ್ತೆಯ ಪಕ್ಕ, ಆಂಜನೇಯನ ಗುಡಿಯ ಸುತ್ತಲಿನ ಬಯಲಿಗೆ ಹಳ್ಳಿಕಾರ್ ಜೋಡಿಗಳು ಬಂದಿಳಿಯುತ್ತವೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಹಲ್ಲು ನೋಡಿ ವಯಸ್ಸು ಹೇಳುವವರು ಒಂದು ಕಡೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವರು ಇನ್ನೊಂದು ಕಡೆ.

ಇದಕ್ಕೂ ವಾರಗಳ ಮೊದಲೇ ಜಾತ್ರೆಯ ಕೆಲಸ ರಾಮನಗರ, ಚನ್ನಪಟ್ಟಣದ ಡಿಟಿಪಿ ಅಂಗಡಿಗಳಲ್ಲಿ ಶುರುವಾಗಿರುತ್ತದೆ. ಕರಪತ್ರ, ಬ್ಯಾನರು, ಅನ್ನಸಂತರ್ಪಣೆಯ ಚೀಟಿ, ದಾನಿಗಳ ಪಟ್ಟಿ. ಬಂದವರೆಲ್ಲರ ಮಾತೂ ಒಂದೇ: ‘ಹೋದ ವರ್ಷದ್ದೇ ತೆಗೀರಿ, ತಾರೀಖು ಬದಲಾಯಿಸಿದರೆ ಸಾಕು.’

ಹೋದ ವರ್ಷದ್ದು ಅದಕ್ಕೂ ಹಿಂದಿನ ವರ್ಷದ್ದರ ನಕಲು. ಹೀಗೆ ಹಿಂದೆ ಹಿಂದೆ ಹೋದರೆ ಮೂಲ ಫೈಲು ಸಿಗುವುದು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ನುಡಿ ತಂತ್ರಾಂಶದ ಅಕ್ಷರಗಳಲ್ಲಿ, ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ. ಆ ಫೈಲಿನ ಪಠ್ಯವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಆಂಜನೇಯಸ್ವಾಮಿಯ ಹೆಸರಿದ್ದ ಜಾಗದಲ್ಲಿ ರೋಮನ್ ಅಕ್ಷರಗಳು, ಯೂರೋಪಿನ ಉಚ್ಚಾರ ಚಿಹ್ನೆಗಳು, ಪೌಂಡಿನ ಗುರುತು ಎಲ್ಲವೂ ಕಲಸಿಕೊಂಡು ಕಾಣುತ್ತವೆ.

ಅಕ್ಟೋಬರ್ 14ರ ನಂತರ

2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಭದ್ರತೆಯ ಅಪ್‌ಡೇಟುಗಳು ಇನ್ನೊಂದು ವರ್ಷ, 2026ರ ಅಕ್ಟೋಬರ್‌ವರೆಗೆ ಸಿಗುತ್ತವೆ. ಆಮೇಲೆ ಅದೂ ಇಲ್ಲ.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. 2013ರಲ್ಲೋ 2015ರಲ್ಲೋ ಕೊಂಡ ಐ3, ಐ5 ಯಂತ್ರಗಳು ಇದರಿಂದ ಹೊರಗುಳಿಯುತ್ತವೆ. ಅವು ಕೆಟ್ಟಿಲ್ಲ. ಮೆಮೊರಿ ಹೆಚ್ಚಿಸಿ ಎಸ್‌ಎಸ್‌ಡಿ ಹಾಕಿದರೆ ಇನ್ನೂ ಹಲವು ವರ್ಷ ದುಡಿಯುವಂಥವು.

ಹೊಸ ಯಂತ್ರ ಕೊಂಡರೂ ತೊಂದರೆ ತಪ್ಪದು. ವಿಂಡೋಸ್ 11 ಇರುವುದು 64 ಬಿಟ್ ರೂಪದಲ್ಲಿ ಮಾತ್ರ. 64 ಬಿಟ್ ವಿಂಡೋಸ್ ಹಳೆಯ 16 ಬಿಟ್ ಪ್ರೋಗ್ರಾಮುಗಳನ್ನು ಓಡಿಸುವುದೇ ಇಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ, 7.0, ಬಂದದ್ದು 2001ರಲ್ಲಿ. ಅಲ್ಲಿಂದಾಚೆಗೆ ಅಡೋಬಿ ಕಂಪನಿ ಇನ್‌ಡಿಸೈನ್ ಕಡೆ ತಿರುಗಿತು. ಕನ್ನಡದ ಸಣ್ಣ ಮುದ್ರಣಾಲಯಗಳು ಮಾತ್ರ ಪೇಜ್‌ಮೇಕರ್‌ನ ಕೈ ಬಿಡಲಿಲ್ಲ. ಪುಟ ಕಟ್ಟುವವರ ಬೆರಳಿಗೆ ಅದು ರೂಢಿಯಾಗಿತ್ತು. ಅಕ್ಷರಗಳೂ ಅದಕ್ಕೆ ಹೊಂದಿದ್ದವು.

ಫೈಲಿನೊಳಗೆ ಇರುವುದೇನು

1990ರ ದಶಕದ ಕಂಪ್ಯೂಟರ್ ಒಂದು ಫಾಂಟಿಗೆ ಕೊಡುತ್ತಿದ್ದದ್ದು 256 ಮನೆಗಳು. ಅದರಲ್ಲೂ ಎಲ್ಲವನ್ನೂ ಬಳಸುವಂತಿರಲಿಲ್ಲ. ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಲೆಕ್ಕ ಹಾಕಿದರೆ ಕನ್ನಡಕ್ಕೆ ಅದು ಯಾವ ಮೂಲೆಗೂ ಸಾಲದು. ಆದ್ದರಿಂದ ಫಾಂಟ್ ಮಾಡಿದವರು ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಒಂದು ಮನೆಯಲ್ಲಿ, ಅಕ್ಷರದ ಒಡಲು ಇನ್ನೊಂದರಲ್ಲಿ, ಗುಡಿಸು, ಕೊಂಬು, ಒತ್ತುಗಳು ಬೇರೆ ಬೇರೆ ಮನೆಗಳಲ್ಲಿ. ಪರದೆಯ ಮೇಲೆ ತುಂಡುಗಳು ಪಕ್ಕಪಕ್ಕ ಕೂತಾಗ ಕನ್ನಡ ಕಾಣುತ್ತಿತ್ತು.

ಫೈಲಿನೊಳಗೆ ಉಳಿಯುತ್ತಿದ್ದದ್ದು ಆ ಮನೆಗಳ ನಂಬರು ಮಾತ್ರ. ಅದು ಕನ್ನಡವೆಂದು ಕಂಪ್ಯೂಟರಿಗೆ ತಿಳಿದಿರಲಿಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ನಂಬರುಗಳು ರೋಮನ್ ಲಿಪಿಯ ಗೋಜಲಾಗಿ ಕಾಣುವುದು ಇದೇ ಕಾರಣಕ್ಕೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳು 1991ರ ಮೊದಲ ಆವೃತ್ತಿಯಲ್ಲೇ ದೊರೆತಿದ್ದವು. ವಿಂಡೋಸ್‌ನಲ್ಲಿ ಅದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯಿಂದ, ‘ತುಂಗಾ’ ಫಾಂಟಿನ ಜೊತೆಗೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಕೊನೆಯವರೆಗೂ ಗೊತ್ತಾಗಲೇ ಇಲ್ಲ. ಹೀಗಾಗಿ ಕನ್ನಡದ ಮುದ್ರಣ ಜಗತ್ತು ವರ್ಷಗಟ್ಟಲೆ ಹಳೆಯ ಪದ್ಧತಿಯಲ್ಲೇ ಉಳಿಯಿತು. ಮದುವೆ ಕರೆಯೋಲೆ, ಶಾಲೆಯ ಸ್ಮರಣ ಸಂಚಿಕೆ, ಪಂಚಾಯಿತಿಯ ನಡಾವಳಿ, ಊರಿನ ಸ್ಥಳ ಪುರಾಣ, ಸಂಘದ ವಾರ್ಷಿಕ ವರದಿ ಎಲ್ಲವೂ ಆ ತುಂಡಕ್ಷರಗಳಲ್ಲಿ ಸಿಡಿಗಳಿಗೆ ಇಳಿದವು.

---

ಬಾಕ್ಸ್: ಕನ್ನಡ ಮೂಡಿಸಿದವರು

• ಕೆ.ಪಿ. ರಾವ್: ಕನ್ನಡವನ್ನು ಕಂಪ್ಯೂಟರಿಗೆ ತಂದ ಮೊದಲಿಗರಲ್ಲಿ ಒಬ್ಬರು. ಇಂಗ್ಲಿಷ್ ಕೀಲಿಗಳ ಮೇಲೆ ಧ್ವನಿಗೆ ತಕ್ಕಂತೆ ಕನ್ನಡ ಕೂರಿಸಿದ ಅವರ ವಿನ್ಯಾಸವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ‘ಸೇಡಿಯಾಪು’ ಅವರ ತಂತ್ರಾಂಶ.

• ಬರಹ: ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿದ ತಂತ್ರಾಂಶ. ಮೊದಲು ಹೊರಬಂದದ್ದು 1998ರಲ್ಲಿ.

• ನುಡಿ: ಕನ್ನಡ ಗಣಕ ಪರಿಷತ್ತು (ಕಗಪ) ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ ತಂತ್ರಾಂಶ. ಕಚೇರಿಗಳ ಕನ್ನಡವೆಲ್ಲ ಬಹುಕಾಲ ಇದರಲ್ಲೇ ಮೂಡಿತು.

• ಲಿನಕ್ಸ್‌ನಲ್ಲಿ: ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ (ಕಗಪ)’ ಎಂಬ ಆಯ್ಕೆ ಮೊದಲೇ ಇರುತ್ತದೆ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಿರುವ ಬೆರಳುಗಳು ಹೊಸದಾಗಿ ಕಲಿಯಬೇಕಾದ್ದು ಅತ್ಯಲ್ಪ.

---

ಯಂತ್ರದೊಳಗೊಂದು ಯಂತ್ರ

ವರ್ಚುವಲ್ ಮಶೀನ್ ಎಂದರೆ ಸ್ವಂತ ಮನೆಯಲ್ಲಿ ಬೇರೆ ಬಾಗಿಲಿಟ್ಟು ಕೊಟ್ಟ ಬಾಡಿಗೆ ಕೋಣೆ. ಒಳಗಿರುವವರಿಗೆ ಅದೇ ಪೂರ್ತಿ ಮನೆ; ನೀರು, ಕರೆಂಟು ಬರುವುದು ಮಾತ್ರ ಮಾಲೀಕರ ಮೂಲಕ. ಲಿನಕ್ಸ್ ಓಡುತ್ತಿರುವ ಕಂಪ್ಯೂಟರಿನಲ್ಲಿ ಒಂದು ಕಿಟಕಿ ತೆರೆಯುತ್ತದೆ. ಅದರೊಳಗೆ ವಿಂಡೋಸ್ ಎಕ್ಸ್‌ಪಿ ಬೂಟ್ ಆಗುತ್ತದೆ. ತನಗೆ ಒಂದು ಹಾರ್ಡ್ ಡಿಸ್ಕ್, ಒಂದಿಷ್ಟು ಮೆಮೊರಿ, ಒಂದು ಪರದೆ ಇದೆಯೆಂದೇ ಅದು ತಿಳಿದಿರುತ್ತದೆ. ಆ ‘ಹಾರ್ಡ್ ಡಿಸ್ಕ್’ ನಿಜವಾಗಿ ಲಿನಕ್ಸ್‌ನ ಫೋಲ್ಡರಿನಲ್ಲಿರುವ ಒಂದೇ ಒಂದು ಫೈಲು.

ಈ ವಿದ್ಯೆ ಹಳೆಯದು. ಐಬಿಎಂ ಕಂಪನಿ 1960ರ ದಶಕದಲ್ಲೇ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ವ್ಯವಸ್ಥೆಯನ್ನು ಹೊರತಂದಿತ್ತು. ಕೋಣೆ ತುಂಬುವ ಒಂದೇ ಯಂತ್ರವನ್ನು ಹಲವರು ತಮ್ಮದೇ ಯಂತ್ರವೆಂಬಂತೆ ಬಳಸುವುದು ಅದರ ಗುರಿ. ಮೇಜಿನ ಮೇಲಿನ ಪಿಸಿಗೆ ಅದು ಇಳಿದದ್ದು 1999ರಲ್ಲಿ, ವಿಎಂವೇರ್ ಕಂಪನಿಯ ವರ್ಕ್‌ಸ್ಟೇಷನ್ ಮೂಲಕ.

ಲಿನಕ್ಸ್‌ನ ಕಥೆಯಲ್ಲಿ ಎರಡು ಹೆಸರುಗಳು ಮುಖ್ಯ. ಮೊದಲನೆಯದು ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲಾರ್. ಇಂದು ಕೋಟ್ಯಂತರ ವಿಡಿಯೊಗಳ ಹಿಂದಿರುವ ಎಫ್‌ಎಫ್‌ಎಂಪೆಗ್ ತಂತ್ರಾಂಶವನ್ನು ಶುರು ಮಾಡಿದ ಅದೇ ಮನುಷ್ಯ 2003ರಲ್ಲಿ ಕ್ಯೂಎಮು ಬರೆದರು. ಒಂದು ಪೂರ್ತಿ ಕಂಪ್ಯೂಟರನ್ನು, ಅದರ ಡಿಸ್ಕ್, ಕೀಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಸಮೇತ, ತಂತ್ರಾಂಶದಲ್ಲೇ ಅನುಕರಿಸುವ ಪ್ರೋಗ್ರಾಮ್ ಅದು. ಕೆಲಸ ಸೊಗಸಾಗಿತ್ತು, ವೇಗ ಸಾಲದಾಗಿತ್ತು. ಒಳಗಿನ ವಿಂಡೋಸ್ ಕೊಡುವ ಪ್ರತಿ ಆದೇಶವನ್ನೂ ಹೊರಗಿನ ಯಂತ್ರದ ಭಾಷೆಗೆ ತಿರುಗಿಸಬೇಕಿತ್ತಲ್ಲ.

ಆ ತೊಡಕನ್ನು ಬಿಡಿಸಿದ್ದು ಚಿಪ್ ತಯಾರಕರು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ತಮ್ಮ ಪ್ರೊಸೆಸರ್‌ನೊಳಗೇ ವರ್ಚುವಲೈಸೇಷನ್‌ಗೆ ಬೇಕಾದ ಸೌಲಭ್ಯ ಸೇರಿಸಿದವು. ಅದನ್ನು ಬಳಸಿಕೊಂಡವರು ಎರಡನೆಯ ವ್ಯಕ್ತಿ, ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಆವಿ ಕಿವಿಟಿ. 2006ರ ಅಕ್ಟೋಬರ್‌ನಲ್ಲಿ ಅವರು ಮುಂದಿಟ್ಟ ಕೆವಿಎಂ, ಕೆಲವೇ ತಿಂಗಳಲ್ಲಿ ಲಿನಕ್ಸ್ ತಿರುಳಿನ ಭಾಗವಾಯಿತು. 2007ರ ಫೆಬ್ರವರಿಯಲ್ಲಿ ಹೊರಬಂದ 2.6.20 ಆವೃತ್ತಿಯಲ್ಲಿ ಅದು ಎಲ್ಲರ ಕೈಗೂ ಸಿಕ್ಕಿತು. ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದದ್ದೂ ಅದೇ ವರ್ಷ. 2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಗಿದೆ. ಕೆವಿಎಂ ಅದೇ ಹೆಸರಿನಲ್ಲಿ ಇಂದಿಗೂ ಲಿನಕ್ಸ್‌ನಲ್ಲಿದೆ.

ಈಗ ಕೆಲಸ ಹಂಚಿಹೋಗಿದೆ. ಲೆಕ್ಕ ಮಾಡುವ ಆದೇಶಗಳನ್ನು ಕೆವಿಎಂ ನೇರವಾಗಿ ಪ್ರೊಸೆಸರ್‌ಗೇ ಕೊಡುತ್ತದೆ. ಡಿಸ್ಕ್, ಪರದೆ, ಮೌಸ್‌ನಂಥ ಸಾಧನಗಳನ್ನು ಕ್ಯೂಎಮು ಅನುಕರಿಸುತ್ತದೆ. ಒಳಗಿನ ವಿಂಡೋಸ್ ಬಹುಪಾಲು ಅಸಲಿ ವೇಗದಲ್ಲೇ ಓಡುತ್ತದೆ.

ಕುಮ್ರಾನೆಟ್‌ನ ಮೂಲ ವ್ಯಾಪಾರವೇ ಲಿನಕ್ಸ್ ಸರ್ವರಿನೊಳಗೆ ವಿಂಡೋಸ್ ಓಡಿಸಿ ಅದನ್ನು ಕಚೇರಿಗಳ ಪರದೆಗೆ ತಲುಪಿಸುವುದಾಗಿತ್ತು. ಅದಕ್ಕಾಗಿ ಅವರು ಬರೆದ ‘ಸ್ಪೈಸ್’ ಎಂಬ ತಂತ್ರವೇ ಇಂದಿಗೂ ಲಿನಕ್ಸ್‌ನ ಹಲವು ವರ್ಚುವಲ್ ಕಿಟಕಿಗಳನ್ನು ಮೂಡಿಸುತ್ತಿದೆ. 2008ರಲ್ಲಿ ಲಿನಕ್ಸ್ ಸಂಸ್ಥೆ ರೆಡ್ ಹ್ಯಾಟ್ ಆ ಕಂಪನಿಯನ್ನು 10.7 ಕೋಟಿ ಡಾಲರಿಗೆ ಕೊಂಡಿತು. ಗೂಗಲ್‌ನ ಕ್ಲೌಡ್ ಓಡುವುದು ಕೆವಿಎಂ ಮೇಲೆ. ಅಮೆಜಾನ್‌ನ ಕ್ಲೌಡ್ ಕೂಡ 2017ರಿಂದ ಅದನ್ನೇ ಆಧರಿಸಿದ ವ್ಯವಸ್ಥೆಗೆ ಹೊರಳಿತು. ದೈತ್ಯ ಡೇಟಾ ಸೆಂಟರುಗಳ ಆ ಎಂಜಿನ್ನನ್ನು ಚನ್ನಪಟ್ಟಣದ ಅಂಗಡಿಯ ಹಳೇ ಐ3 ಯಂತ್ರದಲ್ಲೂ ಒಂದು ಪೈಸೆ ಕೊಡದೆ ಓಡಿಸಬಹುದು.

ಉದ್ದದ ಕಮಾಂಡಿಗೆ ಒಂದು ಗುಂಡಿ

ಎಂಜಿನ್ ಇದ್ದರೂ ಬಹುಕಾಲ ಅದನ್ನು ಮುಟ್ಟಲು ಜನ ಅಂಜುತ್ತಿದ್ದರು. ಕ್ಯೂಎಮುಗೆ ಸ್ವಂತ ಮುಖಪುಟವೆಂಬುದು ಇಲ್ಲವೆಂದೇ ಹೇಳಬೇಕು. ಕಪ್ಪು ಪರದೆಯಲ್ಲಿ ಸಾಲುಗಟ್ಟಲೆ ಆದೇಶ ಟೈಪ್ ಮಾಡಬೇಕು: ಎಷ್ಟು ಮೆಮೊರಿ, ಎಷ್ಟು ಕೋರ್, ಯಾವ ಡಿಸ್ಕ್, ಅದು ಯಾವ ಬಗೆಯದು, ಯಾವ ನೆಟ್‌ವರ್ಕ್ ಕಾರ್ಡ್, ಯಾವ ಪರದೆ. ಒಂದು ಕಡೆ ತಪ್ಪಿದರೂ ಎಕ್ಸ್‌ಪಿಗೆ ಡಿಸ್ಕೇ ಕಾಣದು.

ಗ್ರಾಫಿಕಲ್ ಲಾಂಚರ್‌ಗಳು ಮಾಡಿದ ಉಪಕಾರ ಇಲ್ಲಿದೆ. ಅವು ಹೊಸ ಎಂಜಿನ್ ತರಲಿಲ್ಲ. ಆ ಉದ್ದದ ಆದೇಶವನ್ನು ಬಳಕೆದಾರರ ಪರವಾಗಿ ತಾವೇ ಬರೆದುಕೊಟ್ಟವು.

2012ರಲ್ಲಿ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ 3.4ರ ಜೊತೆ ಬಂದ ‘ಬಾಕ್ಸಸ್’ ಇವುಗಳಲ್ಲಿ ಅತ್ಯಂತ ಸರಳ. ಅಧಿಕ ಚಿಹ್ನೆಯ ಗುಂಡಿ ಒತ್ತಿ, ವಿಂಡೋಸ್ ಸಿಡಿಯ ಐಎಸ್‌ಒ ಫೈಲನ್ನು ತೋರಿಸಿದರೆ ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ. ಅದರ ಬೆನ್ನಿಗೆ ಲಿಬ್‌ಓಎಸ್‌ಇನ್ಫೋ ಎಂಬ ಮಾಹಿತಿಕೋಶವಿದೆ. ಎಕ್ಸ್‌ಪಿಗೆ ಹಳೆಯ ಬಗೆಯ ಐಡಿಇ ಡಿಸ್ಕ್ ಬೇಕು, ಹೊಸ ವಿಂಡೋಸಿಗೆ ಬೇರೆ ಬೇಕು ಎಂಬಂಥ ವಿವರಗಳು ಅಲ್ಲಿ ಬರೆದಿವೆ. ಬಳಕೆದಾರರು ಅದನ್ನು ತಿಳಿದಿರಬೇಕಿಲ್ಲ.

‘ಕ್ವಿಕ್‌ಎಮು’ ಬೇರೆ ದಾರಿ ಹಿಡಿಯಿತು. ಉಬುಂಟು ಮಾಟೆ ಯೋಜನೆಯನ್ನು ಮುನ್ನಡೆಸಿದ ಮಾರ್ಟಿನ್ ವಿಂಪ್ರೆಸ್ ಅದನ್ನು ಶುರು ಮಾಡಿದರು. ಹತ್ತಾರು ಲಿನಕ್ಸ್‌ಗಳನ್ನೂ ವಿಂಡೋಸ್ 10, 11 ಅನ್ನೂ ಅದೇ ಇಳಿಸಿಕೊಳ್ಳುತ್ತದೆ. ಯಂತ್ರದ ಶಕ್ತಿ ನೋಡಿ ಎಷ್ಟು ಕೋರ್, ಎಷ್ಟು ಮೆಮೊರಿ ಎಂದು ತಾನೇ ನಿರ್ಧರಿಸುತ್ತದೆ. ಅದರ ಮೇಲೆ ‘ಕ್ವಿಕ್‌ಗುಯಿ’ ಎಂಬ ಮುಖಪುಟ ಹಾಕಿಕೊಂಡರೆ ಕೆಲಸವೆಲ್ಲ ಮೌಸಿನಲ್ಲೇ ಮುಗಿಯುತ್ತದೆ. ಹೊಸ ಲಿನಕ್ಸ್ ಹೇಗಿದೆಯೆಂದು ರುಚಿ ನೋಡುವ ವಿದ್ಯಾರ್ಥಿಗಳಿಗೆ ಇದು ಒಪ್ಪುತ್ತದೆ.

---

ಬಾಕ್ಸ್: ಯಾರಿಗೆ ಯಾವುದು

• ಬಾಕ್ಸಸ್: ಮೊದಲ ಸಲ ಕೈಯಿಡುವವರಿಗೆ, ಅಂಗಡಿಯ ಕೆಲಸಕ್ಕೆ.

• ಕ್ವಿಕ್‌ಎಮು ಮತ್ತು ಕ್ವಿಕ್‌ಗುಯಿ: ಬೇರೆ ಬೇರೆ ಲಿನಕ್ಸ್ ಪ್ರಯೋಗಿಸುವ ಕಾಲೇಜು ವಿದ್ಯಾರ್ಥಿಗಳಿಗೆ.

• ವರ್ಟ್-ಮ್ಯಾನೇಜರ್: ರೆಡ್ ಹ್ಯಾಟ್‌ನಲ್ಲಿ ಹುಟ್ಟಿದ್ದು. ನೆಟ್‌ವರ್ಕ್ ಕಾರ್ಡ್ ತೆಗೆಯುವುದು, ಡಿಸ್ಕ್ ಸೇರಿಸುವುದು ಮುಂತಾದ ಸೂಕ್ಷ್ಮ ಹತೋಟಿ ಬೇಕಾದವರಿಗೆ.

• ವರ್ಚುವಲ್‌ಬಾಕ್ಸ್: ಜರ್ಮನಿಯ ಇನ್ನೊಟೆಕ್‌ನದು, ಈಗ ಒರಾಕಲ್‌ನದು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ ರೀತಿ ಕಾಣಬೇಕೆನ್ನುವವರಿಗೆ.

---

ಅಂಗಡಿಯ ಮೇಜಿನ ಮೇಲೆ

ಹಾಗಾದರೆ ಜಾತ್ರೆಯ ಕರಪತ್ರದ ಗತಿಯೇನು?

ಎಂಟು ಜಿಬಿ ಮೆಮೊರಿಯ ಹಳೇ ಕಂಪ್ಯೂಟರ್ ಎಂದುಕೊಳ್ಳೋಣ. ಅದಕ್ಕೆ ಉಬುಂಟು, ಮಿಂಟ್ ಅಥವಾ ಫೆಡೋರಾ ಲಿನಕ್ಸ್ ಹಾಕಿ, ಬಾಕ್ಸಸ್‌ನೊಳಗೆ ಎಕ್ಸ್‌ಪಿ ಕೂರಿಸಿದರೆ ಅದಕ್ಕೆ ಒಂದು ಜಿಬಿ ಕೊಟ್ಟರೂ ಹೆಚ್ಚೇ. ಎಕ್ಸ್‌ಪಿ ಬಂದ ಕಾಲದಲ್ಲಿ ಮೈಕ್ರೋಸಾಫ್ಟ್ ಶಿಫಾರಸು ಮಾಡಿದ್ದು 128 ಎಂಬಿ. ವಿಂಡೋಸ್ 7 ಆದರೆ ಎರಡು ಜಿಬಿ ಸಾಕು. ಉಳಿದದ್ದು ಲಿನಕ್ಸ್‌ಗೆ. ಬ್ರೌಸರ್, ವಾಟ್ಸ್‌ಆ್ಯಪ್ ವೆಬ್, ಬ್ಯಾಂಕ್ ಕೆಲಸ, ಆನ್‌ಲೈನ್ ಅರ್ಜಿ ಇವೆಲ್ಲ ಹೊರಗಿನ ಲಿನಕ್ಸ್‌ನಲ್ಲಿ ನಡೆಯಬೇಕು. ನುಡಿ, ಪೇಜ್‌ಮೇಕರ್ ಮಾತ್ರ ಒಳಗಿನ ವಿಂಡೋಸ್‌ನಲ್ಲಿ.

ಈ ವಿಂಗಡಣೆಯಲ್ಲೇ ಭದ್ರತೆಯಿದೆ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ನಿಂತಿತು. ಅವುಗಳನ್ನು ಇಂಟರ್ನೆಟ್ಟಿಗೆ ಬಿಟ್ಟರೆ ತೆರೆದ ಬಾಗಿಲು. ವರ್ಟ್-ಮ್ಯಾನೇಜರಿನಲ್ಲಾದರೆ ವರ್ಚುವಲ್ ನೆಟ್‌ವರ್ಕ್ ಕಾರ್ಡನ್ನೇ ಕಿತ್ತು ಹಾಕಬಹುದು. ವರ್ಚುವಲ್‌ಬಾಕ್ಸಿನಲ್ಲಿ ಒಂದು ಟಿಕ್ ತೆಗೆದರೆ ಕೇಬಲ್ ಬಿಚ್ಚಿದಂತೆ. ನುಡಿಗಾಗಲಿ ಪೇಜ್‌ಮೇಕರ್‌ಗಾಗಲಿ ಇಂಟರ್ನೆಟ್ ಬೇಕಿಲ್ಲ.

ಪುಟ ಸಿದ್ಧವಾದ ಮೇಲೆ ಹೊರತರುವುದು ಹೇಗೆ? ಪೇಜ್‌ಮೇಕರ್ ಹುಟ್ಟಿನಿಂದಲೇ ಪೋಸ್ಟ್‌ಸ್ಕ್ರಿಪ್ಟ್ ಮುದ್ರಕಗಳ ಒಡನಾಡಿ. ಪುಟವನ್ನು ಪ್ರಿಂಟರ್ ಬದಲು ಪೋಸ್ಟ್‌ಸ್ಕ್ರಿಪ್ಟ್ ಫೈಲಿಗೆ ಇಳಿಸಿ, ಆ ಫೈಲನ್ನು ಲಿನಕ್ಸ್ ಕಡೆಗೆ ತಂದರೆ ಅಲ್ಲಿನ ಘೋಸ್ಟ್‌ಸ್ಕ್ರಿಪ್ಟ್ ಅದನ್ನು ಪಿಡಿಎಫ್ ಮಾಡುತ್ತದೆ. ಎಕ್ಸ್‌ಪಿಗೆ ಡ್ರೈವರ್ ಸಿಗದ ಹೊಸ ಪ್ರಿಂಟರ್‌ನಲ್ಲೂ ಪಿಡಿಎಫ್ ಮುದ್ರಣವಾಗುತ್ತದೆ. ಒಳಗೂ ಹೊರಗೂ ಫೈಲು ಸಾಗಿಸಲು ಪೆನ್‌ಡ್ರೈವನ್ನು ಒಳಗಿನ ಯಂತ್ರಕ್ಕೆ ಒಪ್ಪಿಸಿ ವಾಪಸು ಪಡೆಯುವುದು ಎಕ್ಸ್‌ಪಿಯಂಥ ಹಳೆಯ ವಿಂಡೋಸಿನಲ್ಲಿ ಸುಲಭದ ದಾರಿ.

ಇನ್ನೊಂದು ಲಾಭ ಅಂಗಡಿಯವರಿಗೆ ಬೇಗ ಹಿಡಿಸುವಂಥದ್ದು. ವಿಂಡೋಸ್, ಫಾಂಟು, ತಂತ್ರಾಂಶ ಎಲ್ಲ ಸರಿಹೊಂದಿದ ದಿನ ಒಂದು ‘ಸ್ನ್ಯಾಪ್‌ಶಾಟ್’ ತೆಗೆದಿಟ್ಟರೆ, ಮುಂದೆ ಏನು ಕೆಟ್ಟರೂ ಎರಡು ಕ್ಲಿಕ್ಕಿನಲ್ಲಿ ಆ ದಿನದ ಸ್ಥಿತಿಗೆ ಮರಳಬಹುದು. ಒಳಗಿನ ಯಂತ್ರದ ಇಡೀ ಡಿಸ್ಕ್ ಒಂದೇ ಫೈಲಿನಲ್ಲಿ ಇರುವುದರಿಂದ ಅದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬಹುದು. ನಾಳೆ ಕಂಪ್ಯೂಟರ್ ಸುಟ್ಟುಹೋದರೆ ಬೇರೆ ಯಂತ್ರದಲ್ಲಿ ಅದೇ ಎಕ್ಸ್‌ಪಿ, ಅದೇ ಫಾಂಟು, ಅದೇ ಡೆಸ್ಕ್‌ಟಾಪ್ ಎದ್ದು ಕೂರುತ್ತದೆ.

---

ಬಾಕ್ಸ್: ಶುರು ಮಾಡುವ ಮೊದಲು

• ಬಯಾಸ್‌ನಲ್ಲಿ ಇಂಟೆಲ್ ಆದರೆ ‘ವಿಟಿ-ಎಕ್ಸ್’, ಎಎಂಡಿ ಆದರೆ ‘ಎಸ್‌ವಿಎಂ’ ಆನ್ ಆಗಿರಬೇಕು. ಬಹಳ ಯಂತ್ರಗಳಲ್ಲಿ ಕಾರ್ಖಾನೆಯಿಂದಲೇ ಅದು ಆಫ್ ಆಗಿ ಬಂದಿರುತ್ತದೆ.

• ಕೆಲವು ಹಳೆಯ ಪೆಂಟಿಯಂ, ಸೆಲೆರಾನ್ ಪ್ರೊಸೆಸರ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ. ಅಲ್ಲಿ ವರ್ಚುವಲ್ ಯಂತ್ರ ತೆವಳುತ್ತದೆ.

• ಒಳಗೆ ಓಡುವ ವಿಂಡೋಸಿಗೂ ಪರವಾನಗಿ ಬೇಕು. ಹಳೆಯ ಯಂತ್ರದ ಮೈಮೇಲಿನ ಚೀಟಿಯ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೆ ಮಾತ್ರ ಸೇರಿದ್ದು. ಬಿಡಿಯಾಗಿ ಕೊಂಡ ಪ್ರತಿ ಇದ್ದರೆ ಒಳ್ಳೆಯದು.

• ಕೆಲವು ಹಳೆಯ ಕನ್ನಡ ತಂತ್ರಾಂಶಗಳು ಡಾಂಗಲ್ ಇಲ್ಲದೆ ತೆರೆಯುವುದಿಲ್ಲ. ಯುಎಸ್‌ಬಿ ಡಾಂಗಲನ್ನು ಒಳಗಿನ ಯಂತ್ರಕ್ಕೆ ಒಪ್ಪಿಸಬಹುದು. ಪ್ರಿಂಟರ್ ಪೋರ್ಟಿನ ಹಳೇ ಡಾಂಗಲ್ ಕಷ್ಟ.

• ಹಳೆಯ ಯಂತ್ರದ ಫಾಂಟ್ ಫೋಲ್ಡರನ್ನು ಪೂರ್ತಿ ನಕಲು ಮಾಡಿದ ಮೇಲೆಯೇ ಆ ಯಂತ್ರದ ಡಿಸ್ಕನ್ನು ಅಳಿಸಬೇಕು.

---

ಕಾಸರಗೋಡಿನ ತರಗತಿಗಳಲ್ಲಿ

ಇಷ್ಟೆಲ್ಲ ಹೇಳಿದರೂ ‘ಲಿನಕ್ಸ್ ನಮ್ಮ ಹುಡುಗರಿಗೆ ಬರುತ್ತದೆಯೇ’ ಎಂಬ ಅನುಮಾನ ಅಂಗಡಿಗಳಲ್ಲಿ ಉಳಿಯುತ್ತದೆ. ಅದಕ್ಕೆ ಉತ್ತರ ಕಾಸರಗೋಡಿನಲ್ಲಿದೆ.

ಕೇರಳದ ‘ಐಟಿ@ಸ್ಕೂಲ್’ ಯೋಜನೆ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ಮುಕ್ತ ತಂತ್ರಾಂಶಕ್ಕೆ ಹೊರಳಿಸಿ ಒಂದೂವರೆ ದಶಕಕ್ಕೂ ಹೆಚ್ಚಾಯಿತು. ಆ ಯೋಜನೆಯೇ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಅದು ಶಾಲೆಗಳಿಗೆ ಉಬುಂಟು ಆಧಾರಿತ ತನ್ನದೇ ಲಿನಕ್ಸ್ ಕೊಡುತ್ತದೆ. ಗಡಿಯಾಚೆಗಿನ ಕನ್ನಡ ಮಾಧ್ಯಮದ ಮಕ್ಕಳೂ ಇದರ ಪಾಲುದಾರರು. ಅವರ ಐಟಿ ಪಠ್ಯಪುಸ್ತಕ ಕನ್ನಡದಲ್ಲಿದೆ. ಚಿತ್ರ ಬಿಡಿಸುವುದು, ಪತ್ರ ಬರೆಯುವುದು, ಪ್ರೋಗ್ರಾಮ್ ಬರೆಯುವುದು ಎಲ್ಲವನ್ನೂ ಅವರು ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಮಂಜೇಶ್ವರದ ಎಂಟನೇ ತರಗತಿಯ ಹುಡುಗಿಗೆ ಅಭ್ಯಾಸವಾಗಿರುವುದು ಮಾಗಡಿಯ, ಕನಕಪುರದ ಡಿಟಿಪಿ ಆಪರೇಟರಿಗೆ ಆಗದೇನು?

ಕರ್ನಾಟಕದೊಳಗೂ ನೆಲ ಬರಡಾಗಿಲ್ಲ. ಗುಬ್ಬಿ, ನವಿಲು ಎಂಬ ಯೂನಿಕೋಡ್ ಫಾಂಟುಗಳನ್ನು ಕನ್ನಡದ ಉತ್ಸಾಹಿಗಳೇ ರೂಪಿಸಿ ಮುಕ್ತವಾಗಿ ಕೊಟ್ಟರು. ಡೆಬಿಯನ್, ಉಬುಂಟುಗಳ ಭಂಡಾರದಿಂದ ಅವನ್ನು ಇಂದಿಗೂ ಇಳಿಸಿಕೊಳ್ಳಬಹುದು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಸಂಘಟನೆ ಕಾಲೇಜು ವಿದ್ಯಾರ್ಥಿಗಳಿಗೆ ಶಿಬಿರಗಳನ್ನು ನಡೆಸಿ ಲಿನಕ್ಸ್ ಕಲಿಸಿದೆ.

ನಾಗೇಗೌಡರ ಲೋಕ, ರಶ್ದಿಯ ಕಂಪ್ಯೂಟರ್

ಕೆಂಗಲ್‌ನಿಂದ ರಾಮನಗರದ ಕಡೆಗೆ ಬರುವಾಗ ರಸ್ತೆಯ ಪಕ್ಕದಲ್ಲೇ ಜಾನಪದ ಲೋಕ ಸಿಗುತ್ತದೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಈ ಲೋಕವನ್ನು ತೆರೆದರು. ಬೀಸುವ ಕಲ್ಲು, ನೇಗಿಲು, ತೊಗಲುಗೊಂಬೆ, ವಾದ್ಯಗಳು ಅಲ್ಲಿವೆ. ಹಾಡಿದವರ ದನಿಯನ್ನೂ ಕುಣಿದವರ ಚಿತ್ರವನ್ನೂ ಅವರು ಧ್ವನಿ, ದೃಶ್ಯ ಸುರುಳಿಗಳಲ್ಲಿ ಹಿಡಿಸಿಟ್ಟರು. ವಸ್ತುವನ್ನು ಉಳಿಸಿದರೆ ಸಾಲದು, ಅದು ಹೇಗೆ ಬಳಕೆಯಾಗುತ್ತಿತ್ತು ಎಂಬುದನ್ನೂ ಉಳಿಸಬೇಕೆಂದು ಅವರು ಅರಿತಿದ್ದರು.

ಕಂಪ್ಯೂಟರ್ ಯುಗದ ಬರವಣಿಗೆಗೂ ಇಂಥದ್ದೇ ಕಾಳಜಿ ಬೇಕು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ 2006ರಲ್ಲಿ ಸಲ್ಮಾನ್ ರಶ್ದಿಯವರ ಕಾಗದಪತ್ರಗಳನ್ನು ಕೊಂಡಾಗ ಅವುಗಳ ಜೊತೆ ಅವರ ನಾಲ್ಕು ಆಪಲ್ ಕಂಪ್ಯೂಟರುಗಳೂ ಬಂದವು. ಗ್ರಂಥಪಾಲಕರು ಫೈಲುಗಳನ್ನು ಮುದ್ರಿಸಿ ಕಪಾಟಿನಲ್ಲಿಟ್ಟು ಸುಮ್ಮನಾಗಲಿಲ್ಲ. ಆ ಕಂಪ್ಯೂಟರುಗಳಲ್ಲೊಂದನ್ನು, ರಶ್ದಿ 1990ರ ದಶಕದಲ್ಲಿ ಬಳಸಿದ ಮ್ಯಾಕನ್ನು, ಎಮ್ಯುಲೇಟರಿನಲ್ಲಿ ಮತ್ತೆ ಎಬ್ಬಿಸಿದರು. 2010ರಿಂದ ಸಂಶೋಧಕರು ಗ್ರಂಥಾಲಯದಲ್ಲಿ ಕುಳಿತು ಆ ಡೆಸ್ಕ್‌ಟಾಪನ್ನು ಲೇಖಕರು ಬಿಟ್ಟ ಸ್ಥಿತಿಯಲ್ಲೇ ನೋಡುವಂತಾಯಿತು. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯ ಹಳೆಯ ತಂತ್ರಾಂಶಗಳನ್ನು ಹೀಗೆ ಓಡಿಸಿ ತೋರಿಸಲು ಒಂದು ಜಾಲವನ್ನೇ ಕಟ್ಟಿದೆ. ಕ್ಯೂಎಮು ಅಲ್ಲೂ ದುಡಿಯುತ್ತದೆ.

ಕನ್ನಡದಲ್ಲೂ ಒಂದು ತಲೆಮಾರು ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದಿತ್ತು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಎಂಬುದು ಓದುಗರಿಗೆ ನೆನಪಿರಬಹುದು. 1995ರಿಂದ 2012ರವರೆಗಿನ ಲೇಖಕರ, ಸಂಘಗಳ, ಸಣ್ಣ ಪ್ರಕಾಶಕರ ಮೂಲ ಫೈಲುಗಳು ಊರೂರಲ್ಲಿ ಸಿಡಿಗಳಲ್ಲಿ, ಸತ್ತ ಹಾರ್ಡ್ ಡಿಸ್ಕುಗಳಲ್ಲಿ ಇವೆ.

ಹಳೆ ಅಕ್ಷರದಿಂದ ಯೂನಿಕೋಡಿಗೆ

ಹಳೆಯ ವಿಂಡೋಸನ್ನು ಹೀಗೆ ಎಬ್ಬಿಸಿ ಕೂರಿಸುವುದು ಅದರಲ್ಲೇ ಉಳಿಯಲು ಅಲ್ಲ, ಅದರಿಂದ ಹೊರಬರಲು. ಫೈಲನ್ನು ಅದರ ಅಸಲಿ ತಂತ್ರಾಂಶದಲ್ಲಿ ಅಸಲಿ ರೂಪದಲ್ಲಿ ನೋಡಿದ ಮೇಲೆಯೇ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಕೆಲಸ ನಂಬಿಕೆಯಿಂದ ಮಾಡಬಹುದು.

ಪರಿವರ್ತಕಗಳು ಈಗ ಹಲವಿವೆ. ನುಡಿ, ಬರಹಗಳೊಳಗೇ ಆ ಸೌಲಭ್ಯವಿದೆ. ಅರವಿಂದ ವಿ.ಕೆ. ಬರೆದ ಮುಕ್ತ ಪರಿವರ್ತಕವನ್ನು ಸಂಚಯ ತಂಡ ಎಲ್ಲರಿಗೂ ಒದಗಿಸಿತು. ಆದರೂ ಕಣ್ಣಿಟ್ಟು ಓದುವ ಕೆಲಸ ತಪ್ಪದು. ಅರ್ಕಾವತ್ತನ್ನೇ ತೆಗೆದುಕೊಳ್ಳಿ. ‘ಸೂರ್ಯ’ ಎಂದು ಬರೆಯುವಾಗ ಹಳೆಯ ಫಾಂಟಿನಲ್ಲಿ ಮೊದಲು ‘ಯ’, ಆಮೇಲೆ ಅರ್ಕಾವತ್ತು ಕೂರುತ್ತಿತ್ತು, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ‘ರ್’, ಆಮೇಲೆ ‘ಯ’. ಪರಿವರ್ತಕ ಪ್ರತಿ ಸಲವೂ ಹಿಂದೆ ಮುಂದೆ ಮಾಡಬೇಕು. ಒತ್ತಿನ ಮೇಲೆ ಒತ್ತು ಬಂದರೆ, ಅಥವಾ ಬೇರೆ ಕಂಪನಿಯ ಫಾಂಟಿನ ತುಂಡು ನಡುವೆ ಸೇರಿದ್ದರೆ ಎಡವುತ್ತದೆ. ಎಡಗಡೆ ಕಿಟಕಿಯಲ್ಲಿ ಎಕ್ಸ್‌ಪಿಯ ಮೂಲ, ಬಲಗಡೆ ಲಿಬ್ರೆಆಫೀಸಿನಲ್ಲಿ ಹೊಸ ಪಠ್ಯ ಇಟ್ಟುಕೊಂಡು ಸಾಲು ಸಾಲು ಹೋಲಿಸಲು ವರ್ಚುವಲ್ ಯಂತ್ರಕ್ಕಿಂತ ಅನುಕೂಲದ ಏರ್ಪಾಡಿಲ್ಲ.

ಪುಟ ಕಟ್ಟಲು ಲಿನಕ್ಸ್‌ನಲ್ಲಿ ಸ್ಕ್ರೈಬಸ್ ಇದೆ. ಕನ್ನಡದಂಥ ಲಿಪಿಗಳ ಒತ್ತಕ್ಷರವನ್ನು ಸರಿಯಾಗಿ ಮೂಡಿಸುವ ಅದರ ಸ್ಥಿರ ಆವೃತ್ತಿ, 1.6, 2024ರ ಜನವರಿಯಲ್ಲಿ ಬಂತು. ಬ್ಯಾನರ್, ಲಾಂಛನಗಳಿಗೆ ಇಂಕ್‌ಸ್ಕೇಪ್ ಇದೆ. ಜಾತ್ರೆಯ ಕರಪತ್ರ ಒಮ್ಮೆ ಯೂನಿಕೋಡಿಗೆ ಬಂದರೆ ಅದರ ಪಠ್ಯ ವಾಟ್ಸ್‌ಆ್ಯಪ್‌ನಲ್ಲಿ ಅಕ್ಷರವಾಗಿಯೇ ಹೋಗುತ್ತದೆ, ಹುಡುಕಿದರೆ ಸಿಗುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ಇ-ಸ್ಪೀಕ್‌ನಂಥ ತಂತ್ರಾಂಶ ಅದನ್ನು ಕನ್ನಡದಲ್ಲೇ ಓದುತ್ತದೆ. ಹಳೆಯ ಫೈಲಿನಲ್ಲಿ ಇದ್ಯಾವುದೂ ಸಾಧ್ಯವಿರಲಿಲ್ಲ.

ಎಲ್ಲವನ್ನೂ ಒಂದೇ ಸಲ ಬದಲಿಸಲು ಯಾವ ಅಂಗಡಿಗೂ ಪುರುಸೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕೆಂಬುದು ಮಾತ್ರ ಸ್ಪಷ್ಟ. ಮೊದಲು ಸಿಡಿಗಳು: 2000ದ ದಶಕದಲ್ಲಿ ಮನೆ, ಅಂಗಡಿಗಳಲ್ಲಿ ಬರೆದ ಸಿಡಿಗಳ ಬಣ್ಣದ ಪದರ ವರ್ಷ ಕಳೆದಂತೆ ಹಾಳಾಗುತ್ತದೆ, ಆದ್ದರಿಂದ ಅವನ್ನು ಹಾರ್ಡ್ ಡಿಸ್ಕಿಗೆ ಈಗಲೇ ಇಳಿಸಬೇಕು. ಆಮೇಲೆ ಬೇರೆಲ್ಲೂ ಪ್ರತಿ ಸಿಗದಂಥವು: ಪಂಚಾಯಿತಿಯ ನಡಾವಳಿಗಳು, ಶಾಲೆಗಳ ಸ್ಮರಣ ಸಂಚಿಕೆಗಳು, ಸ್ಥಳ ಪುರಾಣಗಳು, ಹಾಡುಗಾರರಿಂದ ಬರೆದುಕೊಂಡ ಪದಗಳು. ಮದುವೆ ಕರೆಯೋಲೆಗಳ ಸರದಿ ಕೊನೆಗೆ. ಜಾತ್ರೆಯ ಕರಪತ್ರವಂತೂ ವರ್ಷಕ್ಕೊಮ್ಮೆ ತಾನಾಗಿಯೇ ಮೇಜಿಗೆ ಬರುತ್ತದೆ. ಈ ಸಲ ತಾರೀಖು ಬದಲಾಯಿಸುವಾಗಲೇ ಅದನ್ನು ಯೂನಿಕೋಡಿಗೆ ತಂದುಬಿಟ್ಟರೆ, ಬರುವ ವರ್ಷ ಆ ಒಂದು ಕೆಲಸಕ್ಕಾದರೂ ಎಕ್ಸ್‌ಪಿಯ ಕಿಟಕಿ ತೆರೆಯಬೇಕಾಗುವುದಿಲ್ಲ.